ಏಳು ಕೋಟಿ ವರ್ಷದ ಹಲ್ಲು

ನಮ್ಮ ಓಣಿಯಲ್ಲಿ ನೆಲದ ಮೇಲೆ ಏನನ್ನೂ ಇಡುವುದಿಲ್ಲ. ಕೊಡ, ಕೊಡಲಿ, ಜೋಳದ ಚೀಲ, ಚಪ್ಪಲಿ, ಬಾಣಂತಿಯ ಮಂಚ, ದೇವರ ಮಂಟಪ, ಎಲ್ಲವೂ ಸರಪಳಿ ಕಟ್ಟಿಸಿಕೊಂಡು ಜಂತಿಯಿಂದ ತೂಗುತ್ತಿರುತ್ತವೆ. ಹೊರಗಿನವರು ಮೊದಲ ಸಲ ಒಳಗೆ ಕಾಲಿಟ್ಟಾಗ ಇದು ಮನೆಯೋ ಬಾವಲಿಗಳ ಮರವೋ ಎಂದು ನಗುವುದುಂಟು. ನಾವು ಅವರಿಗೂ ಒಂದು ತೂಗುಮಣೆ ಇಳಿಸಿ, ಕಾಲು ಮೇಲೆತ್ತಿಕೊಂಡು ಕೂರಲು ಹೇಳುತ್ತೇವೆ. ಯಾಕೆ ಎಂದರೆ, ಹಳೆನೀರು ಬರುತ್ತದೆ ಎನ್ನುತ್ತೇವೆ. ಅಷ್ಟು ಹೇಳಿದರೆ ಸಾಕು, ಮುಂದಿನ ಪ್ರಶ್ನೆ ಕೇಳಿದವರು ಕಡಿಮೆ.

ಹಳೆನೀರಿಗೆ ತೇವವಿಲ್ಲ, ಬಣ್ಣವಿಲ್ಲ. ವರ್ಷದಲ್ಲಿ ಕೆಲವು ಸಲ, ಬಹುಮಟ್ಟಿಗೆ ಮಧ್ಯಾಹ್ನದ ಊಟ ಮುಗಿದು ಕಣ್ಣು ಎಳೆಯುವ ಹೊತ್ತಿಗೆ, ಅದು ಓಣಿಯ ಪಡುವಣ ತುದಿಯಿಂದ ಮೂಡಣ ತುದಿಗೆ ಹರಿದುಹೋಗುತ್ತದೆ. ಮೊದಲು ಸುಟ್ಟ ಸುಣ್ಣಕ್ಕೆ ನೀರು ಚಿಮುಕಿಸಿದಂಥ ವಾಸನೆ. ಆಮೇಲೆ ತೂಗುಹಾಕಿದ ಪಾತ್ರೆಗಳೆಲ್ಲ ಒಂದೇ ದಿಕ್ಕಿಗೆ ವಾಲುತ್ತವೆ. ಅಂಗಾಲು ತಣ್ಣಗಾಗುತ್ತದೆ. ನೀರು ಹಾದುಹೋದ ಮೇಲೆ ನೋಡಿದರೆ, ನೆಲದ ಮೇಲೆ ಮರೆತು ಬಿಟ್ಟದ್ದೆಲ್ಲ ಕಲ್ಲಿನೊಳಗೆ ಇಳಿದಿರುತ್ತದೆ. ಮೊದಲೇ ಕಲ್ಲಾಗಿರುವುದರ ಗೊಡವೆಗೆ ಅದು ಹೋಗುವುದಿಲ್ಲ, ಹಾಗಾಗಿ ಗೋಡೆಗಳು ಉಳಿದಿವೆ. ನಡೆಯುವ ಕಾಲನ್ನು ಬಿಡುತ್ತದೆ, ನಿಂತ ಕಾಲನ್ನು ಹಿಡಿಯುತ್ತದೆ. ಆದ್ದರಿಂದ ನಮ್ಮವರು ಎಲ್ಲಿ ನಿಂತರೂ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಲೇ ಇರುತ್ತಾರೆ. ರೇಷನ್ ಅಂಗಡಿಯ ಸಾಲಿನಲ್ಲಿ, ಮದುವೆ ಮಂಟಪದಲ್ಲಿ, ಹೆಣದ ಮುಂದೆಯೂ. ಮೇಲಿನ ಓಣಿಯವರು ನಮ್ಮನ್ನು ಕುಣಿಯೋರು ಎಂದು ಕರೆಯುತ್ತಾರೆ.

ಮೇಲಿನ ಓಣಿ ಕರಿಕಲ್ಲಿನ ಮೇಲೆ ಕೂತಿದೆ. ಅಲ್ಲಿ ಹಳೆನೀರಿಲ್ಲ, ನೆಲ ಸದಾ ಬೆಚ್ಚಗೆ. ಸ್ನಾನಕ್ಕೆ ನೀರು ಕಾಯಿಸುವ ಗೋಜಿಲ್ಲ, ರಾತ್ರಿ ಕಲಸಿಟ್ಟ ಹಿಟ್ಟು ಬೇಗ ಉಬ್ಬುತ್ತದೆ, ಜನರೂ ಹಾಗೆಯೇ. ನಡುವಿನ ಓಣಿಯಲ್ಲಿ ಕೆರೆಯೇ ಇಲ್ಲದೆ ಕಪ್ಪೆಗಳು ವಟಗುಟ್ಟುತ್ತವೆ, ಅಲ್ಲಿಯವರು ಯಾರ ತಂಟೆಗೂ ಬರುವವರಲ್ಲ. ಕಟ್ಟಕಡೆಗೆ, ಇಳಿಜಾರಿನ ಬುಡದಲ್ಲಿ, ಬಿಳಿ ಸುಣ್ಣದ ನೆಲದ ಮೇಲೆ ನಾವು.

ನಾನು ಪುರಸಭೆಯ ಪ್ರಚಾರದ ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗುವವನು. 'ಮಹಾಜನರಲ್ಲಿ ವಿನಂತಿ' ಎಂದು ಶುರುಮಾಡಿದರೆ ನಲ್ಲಿ ನೀರು ಬರುವುದಿಲ್ಲ ಎಂಬುದರಿಂದ ಹಿಡಿದು ನಾಯಿಗಳಿಗೆ ಸೂಜಿ ಹಾಕುತ್ತಾರೆ ಎಂಬುದರವರೆಗೆ ಎಲ್ಲವೂ ನನ್ನ ಬಾಯಿಂದಲೇ ಹೊರಡಬೇಕು. ಅಮ್ಮ ತೀರಿಕೊಂಡ ಮೇಲೆ ನಾನಿರುವುದು ಅವಳ ತಂಗಿ ತಂಗೆವ್ವನ ಮನೆಯಲ್ಲಿ. ನನಗೆ ಅವಳು ಚಿಗವ್ವ. ಓಣಿಯವರಿಗೆಲ್ಲ ಜೋಳದ ರೊಟ್ಟಿ ತಟ್ಟಿ ಕೊಟ್ಟು ಬದುಕುವವಳು. ಒಲೆಯ ಮುಂದೆ ಒಣಗಿಸಿದ ಕಟಕ್ ರೊಟ್ಟಿಯನ್ನು ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಜೊತೆ ಸದ್ದು ಮಾಡಿಕೊಂಡು ತಿನ್ನುವುದು ಅವಳಿಗೆ ಉಳಿದಿದ್ದ ಒಂದೇ ಚಟ. ಅದಕ್ಕಾಗಿಯೇ ಪೇಟೆಯ ಡಾಕ್ಟರರ ಹತ್ತಿರ ಹಲ್ಲಿನ ಸೆಟ್ ಕಟ್ಟಿಸಿಕೊಂಡಿದ್ದಳು. ಹರೆಯದಲ್ಲಿ ತೂಗುಮಂಚದಿಂದ ಬಿದ್ದು ಅವಳ ದವಡೆ ಎಡಕ್ಕೆ ವಾರೆಯಾಗಿತ್ತು, ಡಾಕ್ಟರರು ಸೆಟ್ಟನ್ನೂ ಅಷ್ಟೇ ವಾರೆಯಾಗಿ ಮಾಡಿದ್ದರು. ಬೇರೆಯವರದರ ಜೊತೆ ಬೆರೆಯದಿರಲೆಂದು ಮೇಲಿನ ಸೆಟ್ಟಿನ ಒಳಮೈಯಲ್ಲಿ ಸೂಜಿಯಿಂದ 'ತ' ಎಂದು ಗೀಚಿದ್ದರು.

ಮೇಲಿನ ಸೆಟ್ ಹೋದದ್ದು ಮೌಲಾಸಾಬರ ದೆಸೆಯಿಂದ. ಅವರು ನಮ್ಮ ಓಣಿಗೆಲ್ಲ ಸರಪಳಿ, ಕೊಂಡಿ ಮಾಡಿಕೊಡುವ ವೆಲ್ಡರು. ಅವತ್ತು ಮಧ್ಯಾಹ್ನ ನಮ್ಮ ಮನೆಯ ಜೋಳದ ಚೀಲದ ಕೊಂಡಿ ಬದಲಿಸುತ್ತಿದ್ದಾಗ ಸುಣ್ಣದ ವಾಸನೆ ಬಂತು. ಮೂವರೂ ತೂಗುಮಣೆ ಹತ್ತಿ ಕೂತೆವು. ಪಾತ್ರೆಗಳು ವಾಲಿದವು. ಸುಮ್ಮನೆ ಕೂರಲಾರದ ಮೌಲಾಸಾಬರು ಮಾತು ತೆಗೆದರು.

"ನಿನ್ನಿ ನಮ್ಮ ಅಧ್ಯಕ್ಷರು ಸಾಲಿಯೊಳಗ ಭಾಷಣ ಮಾಡಾಕತ್ತಿದ್ರು, ಅಕ್ಕಾ. ನಡುವ ಕರೆಂಟ್ ಹೋತು, ಮೈಕ್ ಬಂದಾತು. ಅವರಿಗೂ ಗೊತ್ತಾಗಲಿಲ್ಲ, ಕೇಳೋರಿಗೂ ಗೊತ್ತಾಗಲಿಲ್ಲ. ಬಾಯಿ ಆಡೂದು ನಿಂತಕೂಡ್ಲೇ ಎಲ್ಲಾರೂ ಚಪ್ಪಾಳಿ ಹೊಡದ್ರು."

ಚಿಗವ್ವ ನಕ್ಕಳು. ಅವಳು ನಕ್ಕರೆ ಹೊಟ್ಟೆಯಿಂದ ನಗುತ್ತಾಳೆ. ಮೇಲಿನ ಸೆಟ್ ಬಾಯಿಂದ ಹಾರಿ ನೆಲಕ್ಕೆ ಬಿತ್ತು. ಬಗ್ಗಿ ನೋಡುವಷ್ಟರಲ್ಲಿ ಹಲ್ಲಿದ್ದ ಜಾಗದಲ್ಲಿ ಬಿಳಿ ಕಲ್ಲಿತ್ತು.

"ನಗಸಿ ಕಳದ್ಯಲ್ಲೋ ಮೌಲಾ," ಎಂದಳು ಚಿಗವ್ವ. ಆ ಮಾತು ನಮಗೆ ಅರ್ಥವಾದದ್ದು ಅವಳು ಬೆರಳು ತೋರಿಸಿದ್ದರಿಂದ. ಮೇಲಿನ ಹಲ್ಲು ಹೋದ ಮೇಲೆ ಅವಳ ಮಾತಿಗೆ ಅಂಚೇ ಇಲ್ಲದಂತಾಗಿತ್ತು.

ಆಮೇಲೆ ವೈಜಯಂತಿ ಎಂಬ ಭೂವಿಜ್ಞಾನಿ ವಿಶ್ವವಿದ್ಯಾಲಯದಿಂದ ಬಂದು ನಮ್ಮ ಹಿತ್ತಿಲಿನಾಚೆ ಡೇರೆ ಹಾಕಿದರು. ನಮ್ಮ ನೆಲದಲ್ಲಿ ರಕ್ಕಸನ ಎಲುಬುಗಳಿರುವುದು ನಮಗೆ ಹೊಸ ಸುದ್ದಿಯಲ್ಲ. ಬೆನ್ನೆಲುಬಿನ ಒಂದು ತುಂಡಿನ ಮೇಲೆ ತಲೆತಲಾಂತರದಿಂದ ಖಾರ ಕುಟ್ಟುತ್ತ ಬಂದಿದ್ದೆವು. ತೆಂಗಿನಕಾಯಿಗಿಂತ ದೊಡ್ಡ ಗುಂಡುಕಲ್ಲುಗಳನ್ನು ಬಾಗಿಲಿಗೆ ಆನಿಸುತ್ತಿದ್ದೆವು. ಅವು ಡೈನೋಸಾರ್ ಮೊಟ್ಟೆಗಳು ಎಂದು ಅವರು ಹೇಳಿದ ದಿನ ಚಿಗವ್ವ ನಮ್ಮ ಬಾಗಿಲಿನದನ್ನು ತೊಳೆದು, ಅರಿವೆ ಸುತ್ತಿ, ತೊಟ್ಟಿಲಲ್ಲಿಟ್ಟು ತೂಗುಹಾಕಿದಳು. ಎಷ್ಟು ಕಾಲದಿಂದ ಬಾಗಿಲ ಏಟು ತಿನ್ನುತ್ತ ಬಂದಿತ್ತೋ ಪಾಪ, ಎಂಬುದು ಅವಳ ಕೈಸನ್ನೆಯ ಅರ್ಥ.

ಸಂಜೆ ಕೆಲಸ ಮುಗಿಸಿ ವೈಜಯಂತಿ ನಮ್ಮ ತೂಗುಮಣೆಯ ಮೇಲೆ ಬಂದು ಕೂರುತ್ತಿದ್ದರು. ಒಂದು ದಿನ ಚಿಗವ್ವನ ಪರವಾಗಿ ನಾನೇ ಕೇಳಿದೆ, ಈ ರಕ್ಕಸರು ಇಲ್ಲಿಗೆ ಯಾಕೆ ಬಂದರು ಎಂದು.

"ಆಗ ಇದು ಒಣ ಬಯಲು," ಎಂದರು ಅವರು. "ವರ್ಷದ ಹೆಚ್ಚು ಕಾಲ ಮಳೆ ಇಲ್ಲ. ಬಿಸಿಲಿಗೆ ನೀರು ಆರಿ ಆರಿ ಮಣ್ಣಿನಲ್ಲಿ ಸುಣ್ಣ ಉಳಿದು ಗಟ್ಟಿಯಾಯ್ತು, ಅದೇ ನಿಮ್ಮ ಬಿಳಿ ನೆಲ. ಮಳೆಗಾಲದಲ್ಲಿ ಮಾತ್ರ ಹರಿಯೋ ಅಗಲವಾದ ಮರಳು ಹೊಳೆಗಳಿದ್ದವು. ಆ ಉದ್ದ ಕತ್ತಿನ ಪ್ರಾಣಿಗಳು ಹೊಳೆದಂಡೆಗೆ ಬಂದು, ಮರಳಲ್ಲಿ ಗುಂಡಿ ತೋಡಿ ಮೊಟ್ಟೆ ಇಡ್ತಿದ್ದವು. ಒಂದೊಂದು ಸಲ ಇದ್ದಕ್ಕಿದ್ದಂತೆ ನೆರೆ ಬಂದು ಗೂಡುಗಳನ್ನೆಲ್ಲ ಕೆಸರಲ್ಲಿ ಮುಚ್ಚಿಬಿಡ್ತಿತ್ತು."

"ಆಮೇಲೆ?"

"ಆಮೇಲೆ ಎಷ್ಟೋ ಕಾಲಕ್ಕೆ ನೆಲ ಬಿರಿದು ಬೆಂಕಿಕಲ್ಲು ಉಕ್ಕಿ ಹರೀತು. ಸ್ವಲ್ಪ ಕಾಲ ತಣ್ಣಗಾದಾಗ ಅದರ ಮೇಲೆ ಕೆರೆಗಳಾದವು, ಕಪ್ಪೆ, ಬಸವನಹುಳು ಬಂದವು. ಮತ್ತೆ ಬೆಂಕಿ ಹರೀತು. ಅದೇ ಮೇಲಿನ ಓಣಿಯ ಕರಿಕಲ್ಲು. ಲೆಕ್ಕ ಸುಲಭ. ಕೆಳಗಿರೋದು ಹಳೇದು, ಮೇಲಿರೋದು ಹೊಸದು."

ಚಿಗವ್ವ ಏನೋ ಗೊಣಗಿದಳು. ನಾನು ಬಿಡಿಸಿ ಹೇಳಿದೆ. "ಈ ಮಾತು ಮ್ಯಾಲಿನ ಓಣ್ಯಾಗ ಹೇಳಬ್ಯಾಡ್ರಂತ, ಬಾಯಾರ. ನಿಮ್ಮ ಡೇರೆ ಕಿತ್ತ ಒಗದಾರಂತ."

ಹಳೆನೀರಿನ ವಿಷಯ ನಾವು ಅವರಿಗೆ ಮುಚ್ಚಿಟ್ಟಿರಲಿಲ್ಲ. ಅವರ ಒಂದು ಸುತ್ತಿಗೆ, ಒಂದು ನೀರಿನ ಬಾಟಲಿ ಆಗಲೇ ಕಲ್ಲಿನೊಳಗೆ ಹೋಗಿದ್ದವು. ಆದರೆ ಅದನ್ನು ವರದಿಯಲ್ಲಿ ಹೇಗೆ ಬರೆಯಬೇಕೆಂದು ಅವರಿಗೆ ತಿಳಿಯದೆ, ಸಾಮಾನು ಕಳೆದಿದೆ ಎಂದಷ್ಟೇ ಬರೆದಿದ್ದರು.

ಹಲ್ಲು ಸಿಕ್ಕ ದಿನ ಪುರಸಭೆ ಅಧ್ಯಕ್ಷ ಗುರುಪಾದಪ್ಪನವರು ಎಲುಬಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಬಂದಿದ್ದರು. ಅವರು ಮೇಲಿನ ಓಣಿಯವರು, ನನಗೆ ಸಂಬಳ ಕೊಡಿಸುವವರು. ವೈಜಯಂತಿ ನಮ್ಮ ಮನೆಯ ನೆಲದಿಂದ ಎಬ್ಬಿಸಿದ್ದ ಒಂದು ಹಾಸುಗಲ್ಲನ್ನು ಅವರ ಕಣ್ಣೆದುರೇ ಸೀಳಿದರು. ಒಳಗೆ ಮೊಟ್ಟೆಗಳ ಒಂದು ಗೂಡು. ಗೂಡಿನ ನಡುವೆ, ಗುಲಾಬಿ ಬಣ್ಣದ ಒಸಡಿನಲ್ಲಿ ಕೂತು ಸಾಲಾಗಿ ನಗುತ್ತಿದ್ದ ಹಲ್ಲುಗಳು.

ಚಿಗವ್ವ ಖುಷಿಯಿಂದ ಕೈ ಚಾಚಿದಳು. ಗುರುಪಾದಪ್ಪನವರು ಅವಳನ್ನು ಪಕ್ಕಕ್ಕೆ ಸರಿಸಿ, ಟೊಪ್ಪಿಗೆ ತೆಗೆದರು.

"ಮನುಷ್ಯಾರ ಹಲ್ಲು," ಎಂದರು ತಗ್ಗಿದ ದನಿಯಲ್ಲಿ. "ಡೈನೋಸಾರ್ ಕಾಲದಾಗ ನಮ್ಮೂರಾಗ ಮನುಷ್ಯಾರಿದ್ರು."

"ಸಾರ್, ಅದು ಕಟ್ಟಿಸಿದ ಹಲ್ಲು," ಎಂದರು ವೈಜಯಂತಿ.

"ಕಲ್ಲು ಯಾರರೆ ಮೊದಲ ಒಡದು, ಒಳಗಿಟ್ಟು, ಮತ್ತ ಮುಚ್ಚ್ಯಾರೇನ್ರಿ?"

ವೈಜಯಂತಿ ಕಲ್ಲಿನ ಎರಡೂ ಹೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಲ್ಲ. ಪದರ ಕದಡಿಲ್ಲ."

"ಕಲ್ಲಿನ ವಯಸ್ಸು?"

"ಸುಮಾರು ಏಳು ಕೋಟಿ ವರ್ಷ."

"ಹಂಗಾರ ಅದರೊಳಗಿನ ಹಲ್ಲಿನ ವಯಸ್ಸು?"

"ಸಾರ್, ಅದು ಪ್ಲಾಸ್ಟಿಕ್."

"ನಾ ಕೇಳಿದ್ದು ವಯಸ್ಸು."

ವೈಜಯಂತಿ ಎರಡೂ ಹೋಳುಗಳನ್ನು ಮತ್ತೆ ಜೋಡಿಸಿ ನೋಡಿದರು. ಅವರು ಸುಳ್ಳು ಹೇಳುವವರಲ್ಲ, ಅದೇ ತೊಂದರೆಯಾಯಿತು.

ಮರುದಿನದಿಂದ ನನ್ನ ಆಟೋಗೆ ಬಿಡುವಿಲ್ಲ. ಏಳು ಕೋಟಿ ವರ್ಷಗಳ ಹಿಂದೆಯೇ ನಮ್ಮ ಪೂರ್ವಜರಿಗೆ ಪ್ಲಾಸ್ಟಿಕ್ ಗೊತ್ತಿತ್ತು, ಆದರೆ ಅವರು ಅದನ್ನು ಚೀಲ ಮಾಡಿ ಚರಂಡಿಗೆ ಎಸೆಯುತ್ತಿರಲಿಲ್ಲ ಎಂದು ಕೂಗಿದೆ. ಹಲ್ಲಿನೊಡೆಯನಿಗೆ ಅಧ್ಯಕ್ಷರು ಮೂಲಪುರುಷ ಎಂದು ಹೆಸರಿಟ್ಟರು. ಮೂಲಪುರುಷನ ಹಲ್ಲಿನಲ್ಲಿ ಒಂದೂ ಹುಳುಕಿಲ್ಲವಾದ್ದರಿಂದ ಅವನು ಸುಳ್ಳಾಡಿದವನಲ್ಲ ಎಂದು ಕೂಗಿದೆ. ಆಮೇಲೆ ಯಾರೋ ಒಳಮೈಯ 'ತ' ಕಂಡುಹಿಡಿದರು. ಆ ದಿನ ಮೇಲಿನ ಓಣಿಯಲ್ಲಿ ಪಟಾಕಿ ಹೊಡೆದರು. ಡೈನೋಸಾರ್‌ಗಳು ಮೊಟ್ಟೆ ಇಡುತ್ತಿದ್ದ ಕಾಲದಲ್ಲೇ ನಮ್ಮಲ್ಲಿ ಅಕ್ಷರವಿತ್ತು ಎಂದಾಯಿತು. ಅದು ತಪಸ್ವಿಯ ತ, ತಂದೆಯ ತ, ತತ್ವದ ತ ಎಂದು ಮೂರು ಪಕ್ಷಗಳಾದವು. ತಂಗೆವ್ವನ ತ ಎಂದು ಹೇಳುವ ನಾಲ್ಕನೆಯ ಪಕ್ಷದಲ್ಲಿ ನಾವಿಬ್ಬರೇ ಇದ್ದೆವು, ಮೌಲಾಸಾಬರನ್ನು ಸೇರಿಸಿದರೆ ಮೂವರು.

ಅಷ್ಟಕ್ಕೇ ನಿಂತಿದ್ದರೆ ಚಿಗವ್ವ ಗಂಜಿ ಕುಡಿದುಕೊಂಡು ತೆಪ್ಪಗಿರುತ್ತಿದ್ದಳೋ ಏನೋ. ಆದರೆ ಒಂದು ಬೆಳಿಗ್ಗೆ ನನ್ನ ಕೈಗೆ ಬಂದ ಪ್ರಕಟಣೆ ಹೀಗಿತ್ತು: ಮೂಲಪುರುಷ ಸ್ಮಾರಕಕ್ಕಾಗಿ ಕೆಳಗಿನ ಓಣಿಯನ್ನು ತೆರವು ಮಾಡಲಾಗುವುದು, ಮೊದಲು ಹಲ್ಲು ಸಿಕ್ಕ ಮನೆ, ಆಮೇಲೆ ಉಳಿದವು, ನಿವಾಸಿಗಳಿಗೆ ಬಸ್ ಸ್ಟ್ಯಾಂಡಿನಾಚೆ ತಗಡಿನ ಶೆಡ್ಡುಗಳಲ್ಲಿ ಜಾಗ. ಅದನ್ನು ನಮ್ಮ ಮನೆಯ ಮುಂದೆಯೇ ಆಟೋ ನಿಲ್ಲಿಸಿಕೊಂಡು ಓದಬೇಕಾಯಿತು. 'ಮಹಾಜನರಲ್ಲಿ ವಿನಂತಿ' ಎನ್ನುವಾಗ ಚಿಗವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ಕೊನೆಯವರೆಗೂ ಕೇಳಿದಳು. ಅವಳು ಹುಟ್ಟಿದ್ದು ಆ ಮನೆಯಲ್ಲಿ. ಮದುವೆಯಾಗಿ ಹೋಗಿದ್ದವಳು ಗಂಡ ಸತ್ತ ಮೇಲೆ ಬಂದದ್ದೂ ಅಲ್ಲಿಗೇ.

"ನಡಿ," ಎಂದಳು. ಆ ಮಾತು ಸ್ಪಷ್ಟವಾಗಿತ್ತು.

ಗುರುಪಾದಪ್ಪನವರು ಪುರಸಭೆಯಲ್ಲಿ ತಮ್ಮ ಮೇಜಿನ ಮೇಲೆ, ಕೆಂಪು ಮಖಮಲ್ಲಿನ ಮೇಲೆ ಹಲ್ಲನ್ನು ಇಟ್ಟುಕೊಂಡಿದ್ದರು. ಪಕ್ಕದ ಕುರ್ಚಿಯಲ್ಲಿ ವೈಜಯಂತಿ. ಚಿಗವ್ವ ಮಾತಾಡತೊಡಗಿದಳು. ತುಟಿಗಳು ಒಳಗೆ ಸರಿದು, ಶಬ್ದವೆಲ್ಲ ಗಾಳಿಯಾಗಿ ಹೊರಬರುತ್ತಿತ್ತು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ಬಿಡಿಸಿ ಹೇಳಿದೆ.

"ಈ ಹಲ್ಲು ಆಕಿವ್ರಿ. ಪ್ಯಾಟಿ ಡಾಕ್ಟರ ಹಂತ್ಯಾಕ ಮಾಡಿಸ್ಯಾಳ. ನಗೂ ಮುಂದ ಬಿದ್ದಾವ, ಹಳೆನೀರು ಒಯ್ದೈತಿ. ಹಲ್ಲೂ ಬೇಕು, ಮನೀನೂ ಬೇಕು ಅಂತಾಳ್ರಿ."

"ತಮ್ಮಾ, ನೀ ಪುರಸಭೆ ಕಡಿಂದ ಮಾತಾಡಾಕತ್ತೀಯೋ, ಓಣಿ ಕಡಿಂದೋ?"

"ಆಕಿ ಬಾಯಿ ಕಡಿಂದ್ರಿ."

ಡಾಕ್ಟರರನ್ನೇ ಕೇಳಿ ಎಂದರೆ, ಅವರು ಸತ್ತು ಎಷ್ಟೋ ಕಾಲವಾಗಿತ್ತು. ಆಗ ಚಿಗವ್ವ ಬಾಯಿಗೆ ಬೆರಳು ಹಾಕಿ ಕೆಳಗಿನ ಸೆಟ್ ತೆಗೆದು, ಸೆರಗಿನಿಂದ ಒರೆಸಿ, ಮೇಜಿನ ಮೇಲೆ ಇಟ್ಟಳು. ಅವಳ ಮುಖ ಕರವಸ್ತ್ರದಂತೆ ಮಡಚಿಕೊಂಡಿತು. ಗುರುಪಾದಪ್ಪನವರು ಎರಡೂ ಸೆಟ್ಟುಗಳನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಟಕ್ಕೆಂದು ಕೂತವು.

"ನೋಡ್ರಿ ಮೇಡಂ. ಮ್ಯಾಲಿಂದೂ ಎಡಕ್ಕ ವಾರಿ, ಕೆಳಗಿಂದೂ ಎಡಕ್ಕ ವಾರಿ. ಒಂದ ಬಾಯಿಯಾವು."

"ಅದನ್ನ ಆಕಿ ಹೇಳಾಕತ್ತಾಳ್ರಿ," ಎಂದೆ.

"ಮೂಲಪುರುಷನ ಪೂರ್ತಿ ಬಾಯಿ ಸಿಕ್ಕಂಗಾತು. ಮತ್ತ ಇದೂ ಅದೇ ಮನ್ಯಾಗ ಸಿಕ್ಕೈತಿ."

"ಮನ್ಯಾಗಲ್ರಿ, ಬಾಯಾಗ ಸಿಕ್ಕೈತಿ."

"ಬಾಯೂ ಅದೇ ಮನೀಂದ ಬಂದೈತಲ್ಲ." ಅವರು ಎರಡೂ ಸೆಟ್ಟುಗಳನ್ನು ಮಖಮಲ್ಲಿಗೆ ಸೇರಿಸಿ, ಚಿಗವ್ವನಿಗೆ ಶಾಲು ಹೊದಿಸಿದರು. ಅಮೂಲ್ಯವಾದ ವಸ್ತುವನ್ನು ಸ್ವಇಚ್ಛೆಯಿಂದ ಊರಿಗೆ ಒಪ್ಪಿಸಿದ್ದಕ್ಕೆ. ವೈಜಯಂತಿ ಎದ್ದು ನಿಂತು ಏನೋ ಹೇಳಲು ಹೋದರು. ಪದರ ಕದಡಿದೆಯೇ ಎಂದು ಅಧ್ಯಕ್ಷರು ಮತ್ತೊಮ್ಮೆ ಕೇಳಿದರು. ವೈಜಯಂತಿ ಕೂತರು.

ದಾರಿಯುದ್ದಕ್ಕೂ ಚಿಗವ್ವ ಆ ಶಾಲನ್ನು ತಲೆಯ ಮೇಲೆ ಎಳೆದುಕೊಂಡು, ಬಾಯಿಯನ್ನು ಮುಚ್ಚಿಕೊಂಡು ನಡೆದಳು. ಎರಡೂ ಸಾಲು ಹೋದ ಮೇಲೆ ಅವಳ ಮಾತು ನನಗೂ ಅರ್ಧಂಬರ್ಧ. ಗಂಜಿ ಕುಡಿಯುವಾಗ ಅವಳು ಯಾರ ಕಡೆಗೂ ನೋಡುತ್ತಿರಲಿಲ್ಲ. ಓಣಿಯವರು ಬಂದು ರೊಟ್ಟಿ ಒಯ್ಯುವಾಗ, ಶೆಡ್ಡಿಗೆ ಹೋದ ಮೇಲೆ ಕೊಂಡಿಗಳನ್ನೆಲ್ಲ ಏನು ಮಾಡುವುದು ಎಂದು ಮಾತಾಡಿಕೊಳ್ಳುತ್ತಿದ್ದರು. ಮೌಲಾಸಾಬರಿಗೆ ಅದಕ್ಕಿಂತ ದೊಡ್ಡ ಚಿಂತೆ. ನೆಲ ನಂಬಿಕೆಗೆ ಯೋಗ್ಯವಾಗಿರುವ ಕಡೆ ಕೊಂಡಿ ಮಾಡುವವನಿಗೆ ಏನು ಕೆಲಸ?

ಸ್ಮಾರಕದ ಉದ್ಘಾಟನೆಯನ್ನು ನಮ್ಮ ಓಣಿಯಲ್ಲೇ ಇಟ್ಟರು. ಅದು ಮುಗಿದ ಮರುದಿನ ಮನೆ ಕೆಡವುವುದೆಂದು ನಿಶ್ಚಯವಾಗಿತ್ತು. ಮೇಲಿನ ಓಣಿಯವರು ನಮ್ಮ ಕಡೆ ಇಷ್ಟು ಜನ ಒಟ್ಟಿಗೆ ಇಳಿದದ್ದು ಅದೇ ಮೊದಲು. ಶಾಮಿಯಾನದ ಕಂಬ ನೆಟ್ಟರು, ಪ್ಲಾಸ್ಟಿಕ್ ಕುರ್ಚಿ ಹಾಕಿದರು, ನಮ್ಮ ಮನೆಯ ಮುಂದೆ ಕಟ್ಟಿಗೆಯ ಪೀಠದ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಎರಡೂ ಸಾಲು ಹಲ್ಲನ್ನು ಇಟ್ಟರು. ಎಲ್ಲವನ್ನೂ ನೆಲದ ಮೇಲೆ. ನಾನು ಮೈಕಿನಲ್ಲಿ ಎಚ್ಚರಿಸಲು ಹೋದರೆ, ಕುಣಿಯೋರ ಕತೆ ಇವತ್ತು ಬೇಡ ಎಂದರು ಗುರುಪಾದಪ್ಪನವರು.

ಮೊದಲು ವೈಜಯಂತಿಯವರಿಂದ ಉಪನ್ಯಾಸ. ಅವರು ಹಲ್ಲಿನ ಮಾತೇ ಎತ್ತಲಿಲ್ಲ. ಒಣ ಬಯಲು, ಮರಳು ಹೊಳೆ, ಗೂಡು, ನೆರೆ, ಆಮೇಲೆ ಬೆಂಕಿ, ಕೆರೆ, ಮತ್ತೆ ಬೆಂಕಿ, ಇಷ್ಟನ್ನೇ ಹೇಳಿದರು. ಕೆಳಗಿನದು ಹಳೆಯದು, ಮೇಲಿನದು ಹೊಸದು ಎಂಬಲ್ಲಿ ಗುರುಪಾದಪ್ಪನವರೇ ಮೊದಲು ಚಪ್ಪಾಳೆ ತಟ್ಟಿದರು. ಮೂಲಪುರುಷನ ವಯಸ್ಸಿಗೆ ಅದು ಬೇಕಾಗಿತ್ತು.

ಆಮೇಲೆ ಅವರೇ ಎದ್ದರು. "ಬಂಧುಗಳೇ, ಆ ಮಹಾನುಭಾವ ಇದೇ ಹೊಳಿ ದಂಡಿ ಮ್ಯಾಲೆ ನಿಂತು ಡೈನೋಸಾರ್‌ಗಳಿಗೆ ಶಿಸ್ತು ಕಲಿಸಿದಾತ," ಎನ್ನುತ್ತಿದ್ದಾಗ ಸುಣ್ಣದ ವಾಸನೆ ಬಂತು. ಗೋಡೆಗೆ ಒರಗಿ ನಿಂತಿದ್ದ ನಮ್ಮವರೆಲ್ಲ ಒಟ್ಟಿಗೇ ಕಾಲು ಬದಲಿಸತೊಡಗಿದರು. ಶಾಮಿಯಾನದ ಜಾಲರಿ ಮೂಡಣಕ್ಕೆ ವಾಲಿತು, ಗಾಳಿ ಇರಲಿಲ್ಲ.

ಮೈಕು ನನ್ನ ಕೈಯಲ್ಲೂ ಒಂದಿತ್ತು. "ಮಹಾಜನರಲ್ಲಿ ವಿನಂತಿ," ಎಂದೆ. "ದಯವಿಟ್ಟು ಎಲ್ಲರೂ ಕಾಲು ಎತ್ತಿಕೊಳ್ಳಬೇಕು. ಹಳೆನೀರು ಬಂದಿದೆ. ಕಾಲು, ಚಪ್ಪಲಿ, ಕೈಚೀಲ, ಕಂಕುಳ ಕೂಸು, ಯಾವುದನ್ನೂ ನೆಲಕ್ಕೆ ಬಿಡಬಾರದು."

ನನ್ನ ದನಿಗೆ ಊರು ಒಗ್ಗಿತ್ತು. ನಲ್ಲಿ ಬಂದ್ ಎಂದರೆ ಕೊಡ ತುಂಬಿಸಿಕೊಳ್ಳುವವರು, ಕಾಲು ಎತ್ತಿ ಎಂದರೆ ಎತ್ತಿದರು. ಗಣ್ಯರು ಧೋತರ ಎತ್ತಿಕೊಂಡು ಕುರ್ಚಿಗಳ ಮೇಲೆ ಕುಕ್ಕರಗಾಲಲ್ಲಿ ಕೂತರು. ಅಂಗಾಲು ತಣ್ಣಗಾದದ್ದು ಅವರಿಗೂ ತಿಳಿದಿತ್ತು. ಗುರುಪಾದಪ್ಪನವರೊಬ್ಬರು ಮಾತ್ರ ಜನರ ಮುಂದೆ ಕಾಲೆತ್ತಲಾರದೆ ನಿಂತೇ ಇದ್ದರು. ಆಮೇಲೆ ಮುಖ ಬಿಳಿಚಿಕೊಂಡು, ಹೊಸ ಬೂಟುಗಳನ್ನು ಕಲ್ಲಿಗೆ ಬಿಟ್ಟು, ಕಾಲುಚೀಲದಲ್ಲೇ ಮೇಜು ಹತ್ತಿದರು.

ಕುರ್ಚಿಗಳ ಕಾಲು ಇಳಿಯುತ್ತಿದ್ದವು. ಹಲ್ಲಿನ ಪೀಠವೂ ಇಳಿಯುತ್ತಿತ್ತು, ಮೆಲ್ಲಗೆ. ಗಾಜಿನ ಪೆಟ್ಟಿಗೆ ಒಮ್ಮೆ ನೆಲ ಮುಟ್ಟಿದರೆ ಚಿಗವ್ವನ ಹಲ್ಲು ಮತ್ತೆ ಏಳು ಕೋಟಿ ವರ್ಷ ಹಿಂದಕ್ಕೆ.

ಆಗ ಚಿಗವ್ವ ಗೋಡೆ ಬಿಟ್ಟು ಹೊರಟಳು. ಹಳೆನೀರಿನಲ್ಲಿ ನಡೆಯುವುದಕ್ಕೆ ಒಂದು ರೀತಿ ಇದೆ. ಹಿಮ್ಮಡಿ ಊರಬಾರದು, ಯೋಚಿಸಬಾರದು, ಯಾರಾದರೂ ಕರೆದರೆ ನಿಲ್ಲಬಾರದು. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ತಟ್ಟುವ ರೊಟ್ಟಿಯ ಲಯದಲ್ಲಿ ಹೆಜ್ಜೆ ಹಾಕುತ್ತ ಅವಳು ಇಡೀ ಊರಿನ ಎದುರು ಓಣಿಯನ್ನು ದಾಟಿದಳು. ಕಾವಲಿನವನು ಕುರ್ಚಿಯ ಮೇಲಿಂದ "ಏ ಮುದುಕಿ, ನಿಲ್ಲು" ಎಂದ. ನಿಂತರೆ ಕಲ್ಲಾಗುವ ಜಾಗದಲ್ಲಿ ಆ ಮಾತಿಗೆ ಬೆಲೆ ಇರಲಿಲ್ಲ. ಅವಳು ಪೆಟ್ಟಿಗೆಯ ಮುಚ್ಚಳ ಎತ್ತಿ, ಕೆಳಗಿನ ಸೆಟ್ ಹಾಕಿಕೊಂಡಳು. ಆಮೇಲೆ ಮೇಲಿನದು. ದವಡೆಯನ್ನು ಎಡಕ್ಕೊಮ್ಮೆ ತಿರುವಿದಳು. ಟಕ್ಕೆಂದು ಕೂತ ಸದ್ದು ಮೇಜಿನ ಮೇಲಿದ್ದ ಅಧ್ಯಕ್ಷರ ಮೈಕಿನಲ್ಲೂ ಕೇಳಿಸಿತು. ಮಡಚಿಹೋಗಿದ್ದ ಮುಖ ಬಿಚ್ಚಿಕೊಂಡಿತು.

ಜಾಗದಲ್ಲೇ ಕಾಲು ಬದಲಿಸುತ್ತ ಅವಳು ಜನರ ಕಡೆ ತಿರುಗಿದಳು. "ಇವು ನನ್ನ ಹಲ್ಲು," ಎಂದಳು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ.

ಏಳು ಕೋಟಿ ವರ್ಷದ ಹಲ್ಲು, ಎಡಕ್ಕೆ ವಾರೆಯಾದದ್ದು, ಎಡಕ್ಕೆ ವಾರೆಯಾದ ಒಂದು ಬಾಯಲ್ಲಿ ಕೂದಲೆಳೆ ಸಂದಿಲ್ಲದೆ ಕೂತದ್ದನ್ನು ಊರೇ ಕಂಡಿತ್ತು. ನಾನಂದುಕೊಂಡೆ, ಇನ್ನು ಎಲ್ಲರಿಗೂ ತಿಳಿಯಿತು. ಆದರೆ ಅವರಿಗೆ ತಿಳಿದದ್ದು ಬೇರೆಯೇ. ಮುಂದಿನ ಸಾಲಿನಲ್ಲಿ ಒಬ್ಬಾತ ಕುರ್ಚಿಯ ಮೇಲೆ ಕುಕ್ಕರಗಾಲಲ್ಲೇ ಕೈ ಮುಗಿದ. ಪಕ್ಕದವನೂ ಮುಗಿದ.

"ಹೌದವ್ವಾ," ಎಂದರು ಗುರುಪಾದಪ್ಪನವರು ಮೇಜಿನ ಮೇಲಿಂದ, ನಡುಗುವ ದನಿಯಲ್ಲಿ. "ನಿನ್ನವ. ನಾವ ಮೂಢರು, ಮೂಲಪುರುಷ ಅಂದ್ವಿ. ಮೂಲಮಾತೆ ಇದ್ದಿ ನೀನು."

"ನಾ ತಂಗೆವ್ವ."

"ತಂಗೆವ್ವನ ತ," ಎಂದು ಯಾರೋ ಪಿಸುಗುಟ್ಟಿದರು, ಆ ಪಿಸುಮಾತು ಕೊನೆಯ ಸಾಲಿನವರೆಗೂ ಹರಿಯಿತು. ನಾಲ್ಕನೆಯ ಪಕ್ಷ ಗೆದ್ದದ್ದು ಹೀಗೆ.

"ಅವ್ವಾ, ಈ ಮನ್ಯಾಗ ಯಾವಾಗಿಂದ ಇದ್ದೀ?"

"ಹುಟ್ಟಿದಾಗಿಂದ."

ಜನ ನಿಟ್ಟುಸಿರಿಟ್ಟರು. ಚಿಗವ್ವ ನನ್ನ ಕಡೆ ನೋಡಿದಳು, ನಾನು ಹೆಗಲು ಕುಣಿಸಿದೆ. ಅವಳು ಹೇಳಿದ್ದರಲ್ಲಿ ಬಿಡಿಸಿ ಹೇಳಬೇಕಾದದ್ದೇನೂ ಇರಲಿಲ್ಲ.

"ನಾಳೆ ನನ್ನ ಮನಿ ಕೆಡವತೀರೇನು?"

"ತಾಯಿ ಮನಿ ಯಾರರೆ ಕೆಡವತಾರೇನವ್ವಾ?"

"ಮತ್ತ ಇವರ ಮನಿಗೋಳು?" ಗೋಡೆಯ ಕಡೆ ಕೈ ತೋರಿಸಿದಳು.

"ಅವರು ಯಾರು?"

"ನಮ್ಮವರು."

ಗುರುಪಾದಪ್ಪನವರು ಕೇಳಬಾರದಿದ್ದ ಪ್ರಶ್ನೆಯನ್ನು ಕೇಳಿದರು. "ಹಂಗಾರ ನಾವು?"

ಚಿಗವ್ವ ಅವರನ್ನು ಕಾಲುಚೀಲದಿಂದ ಹಿಡಿದು ತಲೆಯವರೆಗೆ ನೋಡಿದಳು. "ನೀವು ಮ್ಯಾಲಿನವರು," ಎಂದಳು.

ಮೇಲಿರುವುದು ಹೊಸದು ಎಂದು ಆಗಷ್ಟೇ ಚಪ್ಪಾಳೆ ತಟ್ಟಿದ್ದ ಜನ ತಲೆ ತಗ್ಗಿಸಿದರು.

ಶಾಮಿಯಾನ ಇನ್ನೂ ಅಲ್ಲೇ ಇದೆ, ಕಂಬ ಕೀಳಲು ಬರುವುದಿಲ್ಲ. ಅರ್ಧ ಹುಗಿದ ಕುರ್ಚಿಗಳ ಮೇಲೆ ಸಂಜೆ ನಮ್ಮ ಮುದುಕರು ಕಾಲು ಮಡಚಿ ಕೂರುತ್ತಾರೆ. ತೆರವಿನ ಮಾತು ಮತ್ತೆ ಬರಲಿಲ್ಲ. ಈಗ ಮೇಲಿನ ಓಣಿಯವರು ತಮ್ಮ ಬೆಚ್ಚಗಿನ ಕರಿಕಲ್ಲಿನ ಮೇಲೂ, ಎಂದೂ ಯಾವ ನೀರೂ ಬಾರದ ಜಾಗದಲ್ಲೂ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಲ್ಲುತ್ತಾರೆ, ಮೂಲದವರ ಚಹರೆ ಕಾಣಲಿ ಎಂದು. ಪಾತ್ರೆಪಗಡಿ ತೂಗುಹಾಕುವ ಹುಚ್ಚೂ ಹಿಡಿದು ಮೌಲಾಸಾಬರಿಗೆ ಊಟಕ್ಕೆ ಪುರಸೊತ್ತಿಲ್ಲ. ದರ್ಶನಕ್ಕೆ ಬಂದವರಿಗೆ ಚಿಗವ್ವ ಕೈಗೊಂದು ರೊಟ್ಟಿ ಕೊಟ್ಟು, ತಾನು ಹುಟ್ಟಿದ್ದು ತನ್ನ ಅಕ್ಕ ಹುಟ್ಟಿದ ಎರಡು ವರ್ಷಕ್ಕೆ ಎಂದು ಹೇಳುತ್ತಾಳೆ. ಅವರು ತಲೆದೂಗಿ, ಆ ಅಕ್ಕನಿಗೂ ಕೈ ಮುಗಿದು ಹೋಗುತ್ತಾರೆ.

ವೈಜಯಂತಿ ಡೇರೆ ಕಿತ್ತು ಹೊರಡುವ ದಿನ ಮನೆಗೆ ಬಂದರು. ಎಲುಬುಗಳು ಲಾರಿಯಲ್ಲಿದ್ದವು. ಅವರ ಮುಖದಲ್ಲಿ ನಿದ್ದೆಯಿರಲಿಲ್ಲ.

"ಅಮ್ಮ, ಅವತ್ತು ಅಷ್ಟು ಜನರ ಮುಂದೆ ಮೈಕಿತ್ತು, ಬಾಯಲ್ಲಿ ಹಲ್ಲೂ ಇತ್ತು. ಪೂರ್ತಿ ನಿಜ ಹೇಳಬಹುದಿತ್ತಲ್ಲ ನೀವು," ಎಂದರು.

ಚಿಗವ್ವ ಒಲೆಯ ಮುಂದಿನಿಂದ ಏಳಲಿಲ್ಲ. "ಹಲ್ಲಿಲ್ಲದಾಗ ಖರೇ ಹೇಳಿದೆ, ಯಾರಿಗೂ ತಿಳೀಲಿಲ್ಲ. ಹಲ್ಲು ಹಾಕ್ಕೊಂಡೂ ಖರೇನ ಹೇಳಿದೆ, ಎಲ್ಲಾರೂ ಕೈ ಮುಗದ್ರು. ನಾ ಇನ್ನೆಷ್ಟ ಸಲ ಹೇಳಲವಾ? ಈಗ ನಿನ್ನ ಪಾಳಿ. ನಿನಗ ಬಾಯಾಗ ಹುಟ್ಟಿದ ಹಲ್ಲದಾವು, ಸಾಲೀನೂ ಕಲ್ತೀ."

"ನಾನು ಬರೆದರೆ ಯಾರು ನಂಬ್ತಾರೆ? ನೀರು ಬರುತ್ತೆ, ಆದರೆ ನೆನೆಯಲ್ಲ, ಅಂತ ಬರೀಲಾ?"

"ಬರಿ. ನಂಬೂದು ಅವರ ಕೆಲಸ." ಚಿಗವ್ವ ಹಂಚಿನಂಚಿಗೆ ಆನಿಸಿ ಒಣಗಿಸಿದ್ದ ರೊಟ್ಟಿಯೊಂದನ್ನು ಮುರಿದು ದೊಡ್ಡ ಹೋಳನ್ನು ಅವರ ಕೈಗಿಟ್ಟಳು.

ಹೊರಗೆ ಲಾರಿಯವನು ಹಾರ್ನ್ ಹೊಡೆದ. ವೈಜಯಂತಿ ಬಾಗಿಲ ಕಡೆ ನೋಡಿದರು, ಕೈಯಲ್ಲಿದ್ದ ರೊಟ್ಟಿಯನ್ನು ನೋಡಿದರು. ಆಮೇಲೆ ತೂಗುಮಣೆಯ ಮೇಲೆ ಕೂತು, ಬೂಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡು, ಎರಡೂ ಕಾಲುಗಳನ್ನು ಮೇಲಕ್ಕೆಳೆದುಕೊಂಡರು. ಹಿಂಡಿ ಎಲ್ಲಿ ಎಂದು ಕೇಳಿದರು.